ನಿಷ್ಠೆ ಯಾರಿಗೆ, ಗಡಿ ಯಾರದು: ಸಿರಿಯಾದ ಜಿಹಾದಿ ಬಣಗಳು ನಡೆದುಬಂದ ದಾರಿ

ಸಿರಿಯಾದ ದಂಗೆಯನ್ನು ಜಿಹಾದಿಗಳು ಹುಟ್ಟುಹಾಕಲಿಲ್ಲ. 2011ರಲ್ಲಿ ದಕ್ಷಿಣದ ದರಾ ಪಟ್ಟಣದ ಗೋಡೆಗಳ ಮೇಲೆ ಸರ್ಕಾರದ ವಿರುದ್ಧ ಬರೆದ ಶಾಲಾ ಹುಡುಗರನ್ನು ಭದ್ರತಾ ಪಡೆ ಹಿಡಿದು ಹಿಂಸಿಸಿತು. ಆ ಮಾರ್ಚ್‌ನಲ್ಲಿ ಬೀದಿಗಿಳಿದವರು ಹುಡುಗರ ಮನೆಯವರು, ನೆರೆಹೊರೆಯವರು. ಅವರ ಮೇಲೆ ಗುಂಡು ಹಾರಿತು. ಗುಂಡು ಹಾರಿಸಲೊಲ್ಲದ ಸೈನಿಕರು ಸೇನೆ ಬಿಟ್ಟು ಬಂದರು, ಜುಲೈನಲ್ಲಿ 'ಮುಕ್ತ ಸಿರಿಯನ್ ಸೇನೆ' ಎಂಬ ಹೆಸರು ಕೇಳಿಬಂತು. ಜಿಹಾದಿಗಳು ಕಾಲಿಟ್ಟದ್ದು ಆಮೇಲೆ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ಯುದ್ಧದ ಬಗ್ಗೆ ನಮ್ಮಲ್ಲಿ ಬಂದ ಬಹಳಷ್ಟು ಬರಹ ಬಂದೂಕು ಹಿಡಿದವರನ್ನೆಲ್ಲ ಒಂದೇ ಮೂಟೆಗೆ ಕಟ್ಟಿಬಿಟ್ಟಿದೆ.

ಅವರು ಬಂದದ್ದು ಎರಡು ದಾರಿಗಳಿಂದ. ಒಂದು, ಡಮಾಸ್ಕಸ್ ಹೊರವಲಯದ ಸೆದ್ನಾಯಾ ಸೆರೆಮನೆಯಿಂದ. 2011ರಲ್ಲಿ ಬಶರ್ ಅಲ್-ಅಸಾದ್ ಸರ್ಕಾರ ಕ್ಷಮಾದಾನದ ಹೆಸರಿನಲ್ಲಿ ಕೈದಿಗಳನ್ನು ಬಿಡುಗಡೆ ಮಾಡಿದಾಗ ಹೊರಬಂದವರಲ್ಲಿ ಜಹ್ರಾನ್ ಅಲ್ಲೂಶ್, ಹಸನ್ ಅಬ್ಬೂದ್, ಅಬು ಈಸಾ ಅಲ್-ಶೇಖ್ ಇದ್ದರು. ಮುಂದೆ ಒಬ್ಬ ಜೈಶ್ ಅಲ್-ಇಸ್ಲಾಂ, ಇನ್ನೊಬ್ಬ ಅಹ್ರಾರ್ ಅಲ್-ಶಾಮ್, ಮತ್ತೊಬ್ಬ ಸುಕೂರ್ ಅಲ್-ಶಾಮ್ ಕಟ್ಟಿದ. ದಂಗೆಗೆ ಮತಾಂಧತೆಯ ಮಸಿ ಬಳಿಯಲೆಂದೇ ಸರ್ಕಾರ ಇವರನ್ನು ಬಿಟ್ಟಿತು ಎಂಬುದು ವಿರೋಧಿಗಳ ಆರೋಪ. ಇವರು ಬಯಸಿದ್ದು ಸಿರಿಯಾದ ಗಡಿಯೊಳಗಿನ ಇಸ್ಲಾಮೀ ಆಡಳಿತ. ಅಲ್-ಖೈದಾದ ಆಜ್ಞೆಗೆ ಇವರ ಬಣಗಳು ಒಳಪಟ್ಟಿರಲಿಲ್ಲ.

ಎರಡನೆಯ ದಾರಿ ಇರಾಕ್‌ನದು. ಅಲ್-ಖೈದಾದ ಅಲ್ಲಿನ ಶಾಖೆ 'ಇಸ್ಲಾಮಿಕ್ ಸ್ಟೇಟ್ ಆಫ್ ಇರಾಕ್' ಸಂಘಟನೆಯ ಮುಖ್ಯಸ್ಥ ಅಬು ಬಕ್ರ್ ಅಲ್-ಬಗ್ದಾದಿ 2011ರ ಆಗಸ್ಟ್‌ನಲ್ಲಿ ಅಬು ಮುಹಮ್ಮದ್ ಅಲ್-ಜೌಲಾನಿ ಎಂಬ ಸಿರಿಯನ್ ಯುವಕನನ್ನು ಸಣ್ಣ ತಂಡದ ಜೊತೆ ಗಡಿ ದಾಟಿಸಿದ. 2012ರ ಜನವರಿಯಲ್ಲಿ ಜಬ್ಹತ್ ಅಲ್-ನುಸ್ರಾ ಹೆಸರು ಬಯಲಿಗೆ ಬಂತು. ಯಾರ ಕೂಸು ಎಂಬುದು ಗುಟ್ಟಾಗಿಯೇ ಉಳಿಯಿತು. ಇರಾಕ್‌ನಲ್ಲಿ ಜಿಹಾದಿಗಳ ಕ್ರೌರ್ಯಕ್ಕೆ ರೋಸಿಹೋದ ಸುನ್ನಿ ಬುಡಕಟ್ಟುಗಳು ಅವರ ವಿರುದ್ಧವೇ ತಿರುಗಿಬಿದ್ದಿದ್ದವು. ಜೌಲಾನಿ ಆ ಪಾಠ ಮರೆತಿರಲಿಲ್ಲ. ಅವನ ಜನ ಆತ್ಮಾಹುತಿ ದಾಳಿ ನಡೆಸಿದರು ನಿಜ, ಆದರೆ ಅಲೆಪ್ಪೊದಲ್ಲಿ ರೊಟ್ಟಿಗೆ ಹಾಹಾಕಾರ ಎದ್ದಾಗ ಹಿಟ್ಟು ಹಂಚಲೂ ನಿಂತರು. 2012ರ ಡಿಸೆಂಬರ್‌ನಲ್ಲಿ ಅಮೆರಿಕ ನುಸ್ರಾವನ್ನು ಭಯೋತ್ಪಾದಕ ಪಟ್ಟಿಗೆ ಸೇರಿಸಿದಾಗ ಹಲವು ಬಂಡುಕೋರ ಗುಂಪುಗಳು ಅದರ ಪರ ದನಿ ಎತ್ತಿದ್ದಕ್ಕೆ ಈ ಹಿಟ್ಟೂ ಒಂದು ಕಾರಣ.

ಮುಂದಿನದೆಲ್ಲಕ್ಕೂ ಬೇರು 2013ರ ಏಪ್ರಿಲ್‌ನ ಒಂದು ವಾರದಲ್ಲಿದೆ. ನುಸ್ರಾ ನನ್ನದೇ ಶಾಖೆ, ಇನ್ನು ಇರಾಕ್ ಮತ್ತು ಶಾಮ್ (ಸಿರಿಯಾ ಸೀಮೆ) ಎರಡಕ್ಕೂ ಒಂದೇ ಸಂಘಟನೆ ಎಂದು ಬಗ್ದಾದಿ ಘೋಷಿಸಿದ. ಐಸಿಸ್ ಹುಟ್ಟಿದ್ದು ಹೀಗೆ. ಒಂದೆರಡು ದಿನಗಳಲ್ಲೇ ಜೌಲಾನಿ ಉತ್ತರ ಕೊಟ್ಟ: ಈ ವಿಚಾರದಲ್ಲಿ ನನ್ನನ್ನು ಯಾರೂ ಕೇಳಿಲ್ಲ, ನನ್ನ ನಿಷ್ಠೆ ನೇರವಾಗಿ ಅಲ್-ಖೈದಾದ ಮುಖ್ಯಸ್ಥ ಐಮನ್ ಅಲ್-ಜವಾಹಿರಿಗೆ. ಜವಾಹಿರಿ ಪತ್ರ ಬರೆದು ತೀರ್ಪಿತ್ತ: ಬಗ್ದಾದಿ ಇರಾಕ್‌ಗೆ ಹಿಂತಿರುಗಲಿ, ಸಿರಿಯಾ ನುಸ್ರಾಗಿರಲಿ. ಬಗ್ದಾದಿ ಅದನ್ನು ತಳ್ಳಿಹಾಕಿದ. ಅಷ್ಟರಲ್ಲಿ ನುಸ್ರಾದ ವಿದೇಶಿ ಹೋರಾಟಗಾರರಲ್ಲಿ ಬಹಳ ಮಂದಿ ಅವನ ಕಡೆ ಸರಿದಾಗಿತ್ತು. ಇಬ್ಬರಿಗೂ ಬೇಕಿದ್ದದ್ದು ಷರಿಯಾ ಆಳ್ವಿಕೆಯೇ. ಯಾರನ್ನು ಎಷ್ಟು ಬೇಗ ಧರ್ಮಭ್ರಷ್ಟನೆಂದು ಸಾರಬೇಕು ಎಂಬಲ್ಲಿ ಭೇದವಿತ್ತು. ಆದರೆ ನನ್ನ ಓದಿನ ಮಟ್ಟಿಗೆ ಮನೆ ಒಡೆದದ್ದು ಧರ್ಮಸೂಕ್ಷ್ಮದಿಂದಲ್ಲ; ಪಾಲುಪಟ್ಟಿಗೆ ಕೂತ ಅಣ್ಣತಮ್ಮಂದಿರ ಹಾಗೆ, ಯಜಮಾನಿಕೆ ಯಾರದು, ಗದ್ದೆ ಯಾರಿಗೆ ಎಂಬುದರಿಂದ.

ಆ ಗದ್ದೆಗಳು ಯಾವುವು ಎಂದು ನೋಡಿದರೆ ಚಿತ್ರ ತಿಳಿಯಾಗುತ್ತದೆ. ಪೂರ್ವದ ದೈರ್ ಅಜ್-ಜೋರ್‌ನಲ್ಲಿ ತೈಲಬಾವಿಗಳು, ಉತ್ತರದಲ್ಲಿ ಟರ್ಕಿಯ ಗಡಿದ್ವಾರಗಳು. ಬಾವಿ ಕೈಲಿದ್ದವನಿಗೆ ಸಂಬಳ ಕೊಡುವ ತಾಕತ್ತು, ಗಡಿದ್ವಾರ ಕೈಲಿದ್ದವನಿಗೆ ಪ್ರತಿ ಲಾರಿಯಿಂದಲೂ ಸುಂಕ.

2013ರ ಕೊನೆಯಲ್ಲಿ ಅಹ್ರಾರ್ ಬಣದ ವೈದ್ಯ, ತಲ್ ಅಬ್ಯದ್ ಗಡಿದ್ವಾರದ ಉಸ್ತುವಾರಿ ಅಬು ರಯ್ಯಾನ್ ಸಂಧಾನಕ್ಕೆಂದು ಐಸಿಸ್ ಬಳಿ ಹೋದ. ಚಿತ್ರಹಿಂಸೆಯ ಗಾಯಗಳಿದ್ದ ಅವನ ಶವ ವಾಪಸು ಬಂತು. ಅದರ ಚಿತ್ರಗಳು ಉತ್ತರ ಸಿರಿಯಾದ ತುಂಬ ಹರಡಿದವು. 2014ರ ಜನವರಿ ಮೊದಲ ವಾರ ಉಳಿದ ಬಂಡುಕೋರರಲ್ಲಿ ಹಲವರು ಐಸಿಸ್ ಮೇಲೆ ಮುಗಿಬಿದ್ದರು. ಫೆಬ್ರುವರಿಯಲ್ಲಿ ಅಲ್-ಖೈದಾ ಐಸಿಸ್‌ಗೂ ತನಗೂ ಸಂಬಂಧವಿಲ್ಲ ಎಂದು ಸಾರಿತು. ಅದೇ ತಿಂಗಳು, ಜಗಳ ಬಿಡಿಸಲು ಜವಾಹಿರಿ ನೇಮಿಸಿದ್ದ ಅಬು ಖಾಲಿದ್ ಅಲ್-ಸೂರಿ ಅಲೆಪ್ಪೊದಲ್ಲಿ ಆತ್ಮಾಹುತಿ ದಾಳಿಗೆ ಬಲಿಯಾದ. ಮಧ್ಯಸ್ಥಿಕೆಯ ಕಾಲ ಅಲ್ಲಿಗೆ ಮುಗಿಯಿತು.

ಇಷ್ಟರ ನಡುವೆ ಗೆದ್ದದ್ದು ಐಸಿಸ್. ಜೂನ್‌ನಲ್ಲಿ ಇರಾಕ್‌ನ ಮೊಸುಲ್ ಹಿಡಿಯಿತು, ತಿಂಗಳ ಕೊನೆಗೆ ಖಿಲಾಫತ್ ಘೋಷಿಸಿತು, ಜುಲೈ ಆರಂಭದಲ್ಲಿ ದೈರ್ ಅಜ್-ಜೋರ್‌ನ ಅಲ್-ಉಮರ್ ತೈಲಕ್ಷೇತ್ರವನ್ನು ನುಸ್ರಾದಿಂದ ಕಿತ್ತುಕೊಂಡಿತು. ಆಗಸ್ಟ್‌ನಲ್ಲಿ ಅಲ್ಲಿ ತಿರುಗಿಬಿದ್ದ ಶೈತಾತ್ ಬುಡಕಟ್ಟಿನ ನೂರಾರು ಗಂಡಸರನ್ನು ಕೊಂದುಹಾಕಿತು. ಬಣಗಳ ಕಾಳಗ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುವ ಸಂಗತಿ ಆ ಊರುಗಳಲ್ಲಿ ಮನೆಮನೆಯ ಸಾವಾಗಿತ್ತು.

ಜಗಳ ಟ್ವಿಟರ್‌ನಲ್ಲೂ ನಡೆಯಿತು. ಅಲ್ಲಿ ನಮ್ಮೂರಿನ ಒಂದು ಎಳೆಯೂ ಇದೆ. ಐಸಿಸ್ ಪರ ಹಗಲಿರುಳು ವಾದಿಸುತ್ತಿದ್ದ, ಸಾವಿರಾರು ಹಿಂಬಾಲಕರಿದ್ದ 'ಶಾಮಿ ವಿಟ್ನೆಸ್' ಖಾತೆಯನ್ನು ನಡೆಸುತ್ತಿದ್ದವನು ಬೆಂಗಳೂರಿನ ಒಬ್ಬ ಕಂಪನಿ ಉದ್ಯೋಗಿ ಎಂದು 2014ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ಬಯಲಿಗೆಳೆಯಿತು. ನಗರ ಪೊಲೀಸರು ಅವನನ್ನು ಬಂಧಿಸಿದರು.

ಡಮಾಸ್ಕಸ್ ಪಕ್ಕದ ಪೂರ್ವ ಗೂತಾದ ಕಥೆ ಬೇರೆ, ಫಲ ಒಂದೇ. ಅಲ್ಲಿ ಅಲ್ಲೂಶನ ಜೈಶ್ ಅಲ್-ಇಸ್ಲಾಂ ಪ್ರಬಲ. ಅದರ ಹಿಡಿತದಲ್ಲಿದ್ದ ದೂಮಾದಿಂದ 2013ರ ಡಿಸೆಂಬರ್‌ನಲ್ಲಿ ಮಾನವಹಕ್ಕು ವಕೀಲೆ ರಜಾನ್ ಜೈತೂನೆ ಮತ್ತು ಮೂವರು ಸಂಗಾತಿಗಳು ಅಪಹರಣಕ್ಕೊಳಗಾದರು. ಶಂಕೆಯ ಬೆರಳು ತನ್ನತ್ತ ತಿರುಗಿದಾಗ ಬಣ ಅಲ್ಲಗಳೆಯಿತು. ಅಸಾದ್ ಸರ್ಕಾರವನ್ನೂ ಬಂಡುಕೋರರನ್ನೂ ಒಟ್ಟಿಗೆ ಪ್ರಶ್ನಿಸಿದ ಹೆಣ್ಣುಮಗಳು ಆಕೆ. 2015ರ ಡಿಸೆಂಬರ್‌ನಲ್ಲಿ ಅಲ್ಲೂಶ್ ವಾಯುದಾಳಿಗೆ ಸತ್ತ ಮೇಲೆ, 2016ರ ವಸಂತದಲ್ಲಿ ಅವನ ಬಣ ಮತ್ತು ಅಲ್ಲಿನ ಇನ್ನೊಂದು ಬಂಡುಕೋರ ಬಣ ಫೈಲಕ್ ಅಲ್-ರಹ್ಮಾನ್ ಪರಸ್ಪರ ಬಡಿದಾಡಿಕೊಂಡವು. ಆ ಸಂದಿನಲ್ಲಿ ಸರ್ಕಾರಿ ಸೇನೆ ಗೂತಾದ ದಕ್ಷಿಣ ಭಾಗದ ಹೊಲಗಳನ್ನು ವಶಪಡಿಸಿಕೊಂಡಿತು. ಮುತ್ತಿಗೆಯಲ್ಲಿ ಹಸಿದಿದ್ದ ಜನರ ಕಾಳಿನ ನೆಲ ಅದು.

ವಾಯವ್ಯದ ಇದ್ಲಿಬ್‌ಗೆ ಬರೋಣ, ಕೊನೆಯ ಲೆಕ್ಕ ತೀರಿದ್ದು ಅಲ್ಲೇ. 2014ರ ಶರತ್ಕಾಲದಲ್ಲಿ ನುಸ್ರಾ ಪಾಶ್ಚಾತ್ಯರ ಬೆಂಬಲವಿದ್ದ ಬಣಗಳನ್ನು ಹೊಸಕತೊಡಗಿತು. 2015ರ ಮಾರ್ಚ್‌ನಲ್ಲಿ ಅಹ್ರಾರ್ ಜೊತೆಗೂಡಿ ಇದ್ಲಿಬ್ ನಗರ ಗೆದ್ದಿತು. ಹಿಂದಿನ ಸೆಪ್ಟೆಂಬರ್‌ನಲ್ಲೇ ಅಬ್ಬೂದ್ ಸೇರಿ ಅಹ್ರಾರ್ ನಾಯಕತ್ವದ ಬಹುಪಾಲು ಒಂದೇ ಸ್ಫೋಟದಲ್ಲಿ ಸತ್ತಿತ್ತು. 2016ರ ಜುಲೈನಲ್ಲಿ ಜೌಲಾನಿ ಮೊದಲ ಸಲ ಮುಖ ತೋರಿಸಿ, ಅಲ್-ಖೈದಾದ ನಂಟು ಕಡಿದೆ ಎಂದ. 2017ರ ಜನವರಿಯಲ್ಲಿ ಇನ್ನಷ್ಟು ಗುಂಪುಗಳನ್ನು ಸೇರಿಸಿಕೊಂಡು ಹಯಾತ್ ತಹ್ರೀರ್ ಅಲ್-ಶಾಮ್, ಅಂದರೆ ಎಚ್‌ಟಿಎಸ್ ಕಟ್ಟಿದ. ಆ ವರ್ಷದ ಜುಲೈನಲ್ಲಿ ಕೆಲವೇ ದಿನಗಳ ಕಾಳಗದಲ್ಲಿ ಅಹ್ರಾರ್ ಸೋತಿತು. ಟರ್ಕಿಯತ್ತಣ ಬಾಬ್ ಅಲ್-ಹವಾ ಗಡಿದ್ವಾರ ಎಚ್‌ಟಿಎಸ್ ಪಾಲಾಯಿತು. ನವೆಂಬರ್‌ನಲ್ಲಿ 'ರಕ್ಷಣಾ ಸರ್ಕಾರ' ಎಂಬ ಆಡಳಿತ, ಮುಂದಿನ ವರ್ಷ ಇಂಧನದ ಏಕಸ್ವಾಮ್ಯಕ್ಕೆ ವತದ್ ಎಂಬ ಕಂಪನಿ.

ಇದ್ಲಿಬ್ ಪ್ರಾಂತದ ಮಅರ್ರತ್ ಅಲ್-ನೂಮಾನ್ ಊರನ್ನು ಇಲ್ಲಿ ನೆನೆಯಲೇಬೇಕು. ಸಾವಿರ ವರ್ಷದ ಹಿಂದಿನ ಸಂಶಯವಾದಿ ಕವಿ ಅಲ್-ಮಅರ್ರಿಯ ಊರು. 2013ರಲ್ಲಿ ಅವನ ಪ್ರತಿಮೆಯ ತಲೆಯನ್ನು ಜಿಹಾದಿಗಳು ಕಡಿದಿದ್ದರು. 2016ರ ಮಾರ್ಚ್‌ನಲ್ಲಿ ಕದನವಿರಾಮ ಬಂದು ಬಾಂಬುಗಳು ತುಸು ನಿಂತಾಗ ಜನ ಹಳೆಯ ಕ್ರಾಂತಿಧ್ವಜ ಹಿಡಿದು ಬೀದಿಗೆ ಬಂದರು. ನುಸ್ರಾ ಮೆರವಣಿಗೆಯ ಮೇಲೆ ಬಿದ್ದಿತು, ಊರಿನವರೇ ಇದ್ದ, ಮುಕ್ತ ಸಿರಿಯನ್ ಸೇನೆಯ 13ನೇ ಡಿವಿಷನ್ನಿನ ನೆಲೆಗಳಿಗೆ ನುಗ್ಗಿತು. ಜನ ಬೆದರಲಿಲ್ಲ, ದಿನಾ ಪ್ರತಿಭಟಿಸುತ್ತಾ ನೂರು ದಿನ ದಾಟಿಸಿದರು. ಅಸಾದ್‌ನನ್ನು ಎದುರಿಸಿದ ಊರು ಅದೇ ಬಾಯಲ್ಲಿ ಜೌಲಾನಿಯನ್ನೂ ಎದುರಿಸಿತು. ಈ ಯುದ್ಧದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ನನಗೆ ಕಾಣುವುದಿಲ್ಲ.

ಜೌಲಾನಿ ನಂಟು ಕಡಿದದ್ದನ್ನು ಒಪ್ಪದವರು 2018ರಲ್ಲಿ ಹುರ್ರಾಸ್ ಅಲ್-ದೀನ್ ಕಟ್ಟಿಕೊಂಡು ಅಲ್-ಖೈದಾಕ್ಕೆ ನಿಷ್ಠರಾಗಿ ಉಳಿದರು. 2020ರಲ್ಲಿ ಎಚ್‌ಟಿಎಸ್ ಅವರನ್ನೂ ಬಡಿದು ಕೂರಿಸಿತು. ಐಸಿಸ್ 2019ರ ಮಾರ್ಚ್‌ನಲ್ಲಿ ಬಾಗೂಜ್‌ನ ಕೊನೆಯ ತುಂಡುನೆಲ ಕಳೆದುಕೊಂಡಿತು. ಅಕ್ಟೋಬರ್‌ನಲ್ಲಿ ಅಮೆರಿಕದ ದಾಳಿಯಲ್ಲಿ ಬಗ್ದಾದಿ ಸತ್ತದ್ದು ಇದ್ಲಿಬ್‌ನ ಬರೀಶಾ ಹಳ್ಳಿಯಲ್ಲಿ, ಹಳೆಯ ಶಿಷ್ಯನ ಸೀಮೆಯೊಳಗೇ ಅಡಗಿದ್ದಾಗ.

ಒಂದೊಂದಾಗಿ ನಿಷ್ಠೆಗಳನ್ನು ಕಳಚುತ್ತಾ ಗಡಿದ್ವಾರವನ್ನು ಮಾತ್ರ ಬಿಡದೆ ಹಿಡಿದ ಬಣವೇ ಕೊನೆಗೆ ಉಳಿಯಿತು. 2024ರ ನವೆಂಬರ್ 27ರಂದು ಹೊರಟ ಎಚ್‌ಟಿಎಸ್ ಮತ್ತು ಜೊತೆಗಾರ ಬಣಗಳು ಅಲೆಪ್ಪೊ, ಹಮಾ ಗೆದ್ದವು. ಡಿಸೆಂಬರ್ 8ರಂದು ಡಮಾಸ್ಕಸ್ ಬಿತ್ತು. ಜೌಲಾನಿ ಹುಟ್ಟುಹೆಸರಾದ ಅಹ್ಮದ್ ಅಲ್-ಶರಾ ಎಂದೇ ಕರೆಸಿಕೊಂಡು 2025ರ ಜನವರಿಯಲ್ಲಿ ಬಣಗಳ ನಾಯಕರ ಸಭೆಯಲ್ಲಿ ಮಧ್ಯಂತರ ಅಧ್ಯಕ್ಷನಾದ. ಅದೇ ಸಭೆಯಲ್ಲಿ ಎಚ್‌ಟಿಎಸ್ ಸೇರಿ ಎಲ್ಲ ಬಣಗಳೂ ವಿಸರ್ಜನೆಯಾದವು ಎಂದು ಸಾರಲಾಯಿತು. ಆರೇಳು ವಾರ ಕಳೆದಿರಲಿಲ್ಲ, ಕರಾವಳಿಯಲ್ಲಿ ಹಳೆಯ ಆಡಳಿತದ ನಿಷ್ಠರು ಸರ್ಕಾರಿ ಪಡೆಗಳ ಮೇಲೆ ದಾಳಿ ಮಾಡಿದರು. ಬೆನ್ನಲ್ಲೇ ಅಸಾದ್ ಸೇರಿದ ಅಲವಿ ಸಮುದಾಯದ ಊರುಗಳಿಗೆ ಸಶಸ್ತ್ರ ಪಡೆಗಳು ನುಗ್ಗಿದವು. ವಿಶ್ವಸಂಸ್ಥೆಯ ತನಿಖಾ ಆಯೋಗದ ಪ್ರಕಾರ ಆಗ ಸತ್ತವರು ಸುಮಾರು 1,400; ಹೆಚ್ಚಿನವರು ನಾಗರಿಕರು. ಕೊಂದವರಲ್ಲಿ ಹೊಸ ಸೇನೆಗೆ ಹೆಸರು ಕೊಟ್ಟಿದ್ದ ಹಳೆಯ ಬಣಗಳವರೂ ಇದ್ದರು.