ಕೊಬ್ಬು ತೆಗೆಸುವ ಮುನ್ನ ಆಡಬೇಕಾದ ಮಾತು

1920ರ ದಶಕದ ಪ್ಯಾರಿಸ್. ಕಾಲು ದಪ್ಪಗಿದೆ, ಸ್ವಲ್ಪ ಸಣ್ಣ ಮಾಡಿಕೊಡಿ ಎಂದು ಬಂದ ಯುವತಿಯೊಬ್ಬಳಿಗೆ ಶಾರ್ಲ್ ದ್ಯುಜಾರ್ಯೆ ಎಂಬ ಸರ್ಜನ್ ಶಸ್ತ್ರಚಿಕಿತ್ಸೆ ಮಾಡಿದರು. ಗರ್ಭಕೋಶದ ಒಳಪದರ ಕೆರೆಯಲು ಬಳಸುವ ಕ್ಯುರೆಟ್ಟನ್ನೇ ಚರ್ಮದಡಿ ತೂರಿಸಿ ಕೊಬ್ಬನ್ನು ಕೆರೆದು ತೆಗೆಯುವುದು ಅವರ ಯೋಚನೆ. ಕಾಲಿಗೆ ಗ್ಯಾಂಗ್ರೀನ್ ಆಯಿತು. ಕೊನೆಗೆ ಕಾಲನ್ನೇ ಕತ್ತರಿಸಬೇಕಾಯಿತು. ಪ್ರಕರಣ ಕೋರ್ಟಿನ ಮೆಟ್ಟಿಲೇರಿತು. ಆಮೇಲೆ ಬಹಳ ಕಾಲ ಈ ದಾರಿ ಹಿಡಿದವರು ವಿರಳ.

ದೇಹದ ಆಕಾರ ತಿದ್ದುವ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಇಂಥ ಘಟನೆ ಇದೊಂದೇ ಅಲ್ಲ. ಎಷ್ಟು ಲೀಟರ್ ಕೊಬ್ಬು ತೆಗೆಯಬಹುದು, ಎಷ್ಟು ಮರಗಟ್ಟಿಸುವ ಮದ್ದು ಕೊಡಬಹುದು, ಸೂಜಿ ಯಾವ ಪದರ ದಾಟಬಾರದು ಎಂಬ ಇಂದಿನ ಮಿತಿಗಳಲ್ಲಿ ಹೆಚ್ಚಿನವು ಯಾರಿಗೋ ತೊಂದರೆಯಾದ ಮೇಲೆ ಗೊತ್ತಾದವು. ಸಲಕರಣೆ ಸುಧಾರಿಸಿತು, ಅರಿವಳಿಕೆ ಸುಧಾರಿಸಿತು. ತೀರಾ ನಿಧಾನವಾಗಿ ಬೆಳೆದದ್ದು ಮಾತ್ರ ಶಸ್ತ್ರಚಿಕಿತ್ಸೆಗೆ ಮುಂಚಿನ ಸಮಾಲೋಚನೆ. ಬೆಂಗಳೂರಿನಂಥ ಊರಿನಲ್ಲಿ ಇಂದಿಗೂ ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಭಾರತದಲ್ಲಿ ಈ ಕಥೆಯನ್ನು ಸುಶ್ರುತನಿಂದ ಶುರು ಮಾಡುವುದು ವಾಡಿಕೆ. ಅದಕ್ಕೆ ಕರ್ನಾಟಕದ ಒಂದು ಎಳೆಯೂ ಇದೆ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡ ಕವಾಸ್‌ಜೀ ಎಂಬ ಎತ್ತಿನಬಂಡಿಯವನಿಗೆ ಪುಣೆಯ ಕುಶಲಕರ್ಮಿಯೊಬ್ಬ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರಸಮೇತ ಅಚ್ಚು ಹಾಕಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಅದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದರು. ಆದರೆ ಕಳೆದುಕೊಂಡ ಅಂಗವನ್ನು ಮತ್ತೆ ಕಟ್ಟುವುದು ಬೇರೆ, ಆರೋಗ್ಯವಾಗಿರುವ ದೇಹದ ಅಳತೆ ತಿದ್ದುವುದು ಬೇರೆ. ಜಾಹೀರಾತುಗಳು ಎರಡನ್ನೂ ಒಂದೇ ಪರಂಪರೆ ಎನ್ನುತ್ತವೆ. ತೆರಿಗೆ ಇಲಾಖೆಯಾಗಲಿ ವಿಮಾ ಕಂಪನಿಯಾಗಲಿ ಹಾಗೆ ಒಪ್ಪುವುದಿಲ್ಲ.

ಹೊಟ್ಟೆಯ ಜೋತುಬಿದ್ದ ಚರ್ಮ, ಕೊಬ್ಬನ್ನು ಕತ್ತರಿಸಿ ತೆಗೆಯುವುದು ಕೊಳವೆಯಿಂದ ಕೊಬ್ಬು ಹೀರುವ ಲೈಪೊಸಕ್ಷನ್‌ಗಿಂತ ಹಳೆಯದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ಹೋವರ್ಡ್ ಕೆಲಿ 1899ರಲ್ಲೇ ಇದನ್ನು ವರದಿ ಮಾಡಿದ್ದರು. ಈಗ ಟಮ್ಮಿ ಟಕ್ ಎನ್ನುವುದು ಇದರ ಪಳಗಿದ ರೂಪಕ್ಕೇ. ಹೆರಿಗೆಯ ನಂತರ ಹೊಟ್ಟೆಯ ನಡುವಿನ ಸ್ನಾಯುಗಳು ಬೇರ್ಪಟ್ಟು ಸಡಿಲವಾದವರಿಗೆ ಅವನ್ನು ಹೊಲಿದು ಬಿಗಿ ಮಾಡುವುದೂ ಇದರಲ್ಲಿ ಸೇರಿದೆ. ಬೆಲೆಯಾಗಿ ಸೊಂಟದ ಈ ತುದಿಯಿಂದ ಆ ತುದಿಗೆ ಗಾಯದ ಗೆರೆ ಉಳಿಯುತ್ತದೆ. ಒಳ ಉಡುಪಿನಡಿ ಅಡಗುತ್ತದೆ ಎನ್ನುವುದು ನಿಜ, ಆದರೆ ಅದು ಮಾಸುತ್ತದೆಯೇ ಹೊರತು ಅಳಿಸಿಹೋಗುವುದಿಲ್ಲ. ಹಳೆಯ ಗಾಯಗಳು ದಪ್ಪಗೆ ಉಬ್ಬಿ ಕೆಲಾಯ್ಡ್ ಆದವರು ಅದನ್ನು ಮೊದಲೇ ತೋರಿಸಬೇಕು. ಮತ್ತೆ ಮಗು ಬೇಕೆನ್ನುವವರಿಗೆ ಒಳ್ಳೆಯ ಸರ್ಜನ್ ಹೆರಿಗೆ ಮುಗಿಸಿಕೊಂಡೇ ಬನ್ನಿ ಎನ್ನುತ್ತಾರೆ.

ಲೈಪೊಸಕ್ಷನ್‌ನ ತಿರುವು ಬಂದದ್ದು 1970ರ ದಶಕದಲ್ಲಿ. ರೋಮಿನ ಫಿಶರ್ ತಂದೆ-ಮಗ ಕೊಬ್ಬನ್ನು ಹೀರುವ ಸಲಕರಣೆ ಮಾಡಿದರು. ಪ್ಯಾರಿಸ್ಸಿನ ಈವ್-ಜೆರಾರ್ ಇಲೂಜ್ ಚೂಪು ತುದಿಯ ಬದಲು ಮೊಂಡು ತುದಿಯ ಕೊಳವೆ ತಂದರು. ಮೊಂಡು ತುದಿ ರಕ್ತನಾಳ, ನರಗಳನ್ನು ಕತ್ತರಿಸುವ ಬದಲು ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತದೆ. ಆದರೂ ರಕ್ತ ಹೋಗುವುದು ನಿಲ್ಲಲಿಲ್ಲ. ಅದನ್ನು ಹತೋಟಿಗೆ ತಂದವರು ಸರ್ಜನ್ ಅಲ್ಲ, ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್. 1987ರಲ್ಲಿ ಅವರು ಪ್ರಕಟಿಸಿದ ವಿಧಾನ ಇವತ್ತಿಗೂ ಅಡಿಪಾಯ.

ಆ ವಿಧಾನ ಹೀಗೆ. ರೋಗಿಯನ್ನು ಮೊದಲು ನಿಲ್ಲಿಸಿ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ, ಮಲಗಿದರೆ ಕೊಬ್ಬು ಜಾರಿ ಆಕಾರವೇ ಬದಲಾಗುತ್ತದೆ ಅಂತ. ಸಲೈನ್‌ಗೆ ಮರಗಟ್ಟಿಸುವ ಮದ್ದಾದ ಲಿಡೊಕೇನ್, ಜೊತೆಗೆ ಅಡ್ರಿನಲಿನ್ ಬೆರೆಸಿ ಸಣ್ಣ ತೂತುಗಳ ಮೂಲಕ ಚರ್ಮದಡಿ ಲೀಟರುಗಟ್ಟಲೆ ತುಂಬುತ್ತಾರೆ. ಆ ಜಾಗ ಬಿಗಿದು ಗಟ್ಟಿಯಾಗುತ್ತದೆ, ರಕ್ತನಾಳ ಕುಗ್ಗಿ ಚರ್ಮ ಬಿಳಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಕಾದು, ಕೆಲವೇ ಮಿಲಿಮೀಟರ್ ದಪ್ಪದ ಕ್ಯಾನುಲಾ ಎಂಬ ಕೊಳವೆ ತೂರಿಸಿ ಸರ್ಜನ್ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಹೋಗುತ್ತಾರೆ. ಒಂದು ಕೈ ಆಡಿಸಿದರೆ ಇನ್ನೊಂದು ಅಂಗೈ ಚರ್ಮದ ಮೇಲೆ ಒತ್ತಿ, ತುದಿ ಎಲ್ಲಿದೆ, ಪದರ ಎಷ್ಟು ಉಳಿದಿದೆ ಎಂದು ತಡವಿ ನೋಡುತ್ತಿರುತ್ತದೆ. ಜಾಡಿಯಲ್ಲಿ ಮೇಲೆ ಹಳದಿ ಕೊಬ್ಬು, ಕೆಳಗೆ ಕೆಂಪು ಮಿಶ್ರಿತ ನೀರು ಬೇರೆಯಾಗಿ ನಿಲ್ಲುತ್ತವೆ. ಹಾಗಾಗಿ 'ನಾಲ್ಕು ಲೀಟರ್ ತೆಗೆದೆವು' ಎಂದರೆ ನಾಲ್ಕು ಲೀಟರ್ ಕೊಬ್ಬು ಎಂದಲ್ಲ.

ಮಿತಿಗಳು ಆಮೇಲೆ ಬಂದವು. ಈ ವಿಧಾನದಲ್ಲಿ ಲಿಡೊಕೇನ್ ದೇಹತೂಕದ ಪ್ರತಿ ಕಿಲೋಗೆ 35 ಮಿಲಿಗ್ರಾಂ ಎಂದು ಕ್ಲೈನ್ ಹೇಳಿದ್ದರು. ಮುಂದೆ ಅದು 55ಕ್ಕೆ ಏರಿತು. ಕೊಬ್ಬಿನಲ್ಲಿ ಕೂತ ಈ ಮದ್ದು ನಿಧಾನಕ್ಕೆ ರಕ್ತ ಸೇರುವುದರಿಂದ ಅದರ ಪ್ರಮಾಣ ಗರಿಷ್ಠ ಮಟ್ಟ ಮುಟ್ಟುವುದು ಹಲವು ಗಂಟೆಗಳಾದ ಮೇಲೆ, ರೋಗಿ ಮನೆಗೆ ಹೋಗಿ ಮಲಗಿರಬಹುದಾದ ಹೊತ್ತಿಗೆ. ಒಂದೇ ಸಲಕ್ಕೆ ಐದು ಲೀಟರ್ ಮೀರಿದರೆ ಅದನ್ನು ದೊಡ್ಡ ಪ್ರಮಾಣದ ಲೈಪೊಸಕ್ಷನ್ ಎಂದು ಎಣಿಸಿ ಆಸ್ಪತ್ರೆಯಲ್ಲೇ ರಾತ್ರಿ ನಿಗಾ ಇಡಬೇಕು ಎಂಬುದು ಅಮೆರಿಕದ ಸರ್ಜನ್‌ಗಳ ಒಮ್ಮತ. 2000ದಲ್ಲಿ ಅಲ್ಲಿನ ಪ್ಲಾಸ್ಟಿಕ್ ಸರ್ಜನ್‌ಗಳನ್ನೇ ಕೇಳಿ ಮಾಡಿದ ಒಂದು ಸಮೀಕ್ಷೆ ಸುಮಾರು 5,000 ಲೈಪೊಸಕ್ಷನ್‌ಗೆ ಒಂದು ಸಾವು ಎಂಬ ಲೆಕ್ಕ ಕೊಟ್ಟಾಗ ಕ್ಷೇತ್ರವೇ ಬೆಚ್ಚಿತು. ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಆ ಸಾವುಗಳಿಗೆ ಮುಖ್ಯ ಕಾರಣವಾಗಿತ್ತು.

ಹೆಸರು, ಹಣ ಇದ್ದವರೂ ಪಾರಾಗಲಿಲ್ಲ. 2005ರಲ್ಲಿ ನೈಜೀರಿಯಾದ ಅಧ್ಯಕ್ಷರ ಪತ್ನಿ ಸ್ಟೆಲ್ಲಾ ಒಬಸಾಂಜೊ ಸ್ಪೇನ್‌ನಲ್ಲಿ ಇಂಥ ಚಿಕಿತ್ಸೆಯ ಬಳಿಕ ತೀರಿಕೊಂಡರು. 2015ರಲ್ಲಿ ತೆಲುಗು ನಟಿ ಆರತಿ ಅಗರ್ವಾಲ್ ಲೈಪೊಸಕ್ಷನ್ ಆದ ಕೆಲವೇ ವಾರಗಳಲ್ಲಿ ಅಮೆರಿಕದಲ್ಲಿ ಕೊನೆಯುಸಿರೆಳೆದರು. 2022ರ ಮೇನಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕನ್ನಡ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸಿಕೊಳ್ಳಲು ಹೋಗಿ ಅಂದೇ ಪ್ರಾಣ ಕಳೆದುಕೊಂಡರು. ಚಿಕಿತ್ಸೆಗೆ ಹೋಗುವ ವಿಷಯ ತಮಗೆ ಗೊತ್ತೇ ಇರಲಿಲ್ಲ ಎಂದು ಅವರ ತಂದೆ-ತಾಯಿ ಹೇಳಿದ್ದರು. ಮುಚ್ಚಿಟ್ಟುಕೊಂಡು ಹೋಗುವುದು ಈ ಚಿಕಿತ್ಸೆಯ ಸುತ್ತ ಇರುವ ದೊಡ್ಡ ಅಪಾಯಗಳಲ್ಲಿ ಒಂದು. ಮನೆಯಲ್ಲಿ ಯಾರಿಗೂ ತಿಳಿಯದಿದ್ದರೆ ಮೊದಲ ರಾತ್ರಿ ಉಸಿರು ಕಟ್ಟಿದಾಗ, ಮೀನಖಂಡ ಊದಿದಾಗ ಗಮನಿಸುವವರೇ ಇರುವುದಿಲ್ಲ.

ಮಿತಿ ತಡವಾಗಿ ಬಂದ ಇನ್ನೊಂದು ಚಿಕಿತ್ಸೆ, ಹೊಟ್ಟೆಯಿಂದ ತೆಗೆದ ಕೊಬ್ಬನ್ನು ಪೃಷ್ಠಕ್ಕೆ ತುಂಬುವ ಬ್ರೆಜಿಲಿಯನ್ ಬಟ್ ಲಿಫ್ಟ್. ಕೊಬ್ಬು ಸ್ನಾಯುವಿನೊಳಗಿನ ದೊಡ್ಡ ಅಭಿಧಮನಿ ಹೊಕ್ಕರೆ ನೇರ ಹೃದಯ, ಶ್ವಾಸಕೋಶಕ್ಕೆ ಹೋಗುತ್ತದೆ. ಸುಮಾರು 3,000ಕ್ಕೆ ಒಂದು ಸಾವು ಎಂಬ ಅಂದಾಜು ಹೊರಬಿದ್ದ ಮೇಲೆ, 2018ರಲ್ಲಿ ಸರ್ಜನ್‌ಗಳ ಸಂಘಟನೆಗಳು ಚರ್ಮದಡಿಯ ಪದರದಲ್ಲಷ್ಟೇ ತುಂಬಬೇಕು, ಸ್ನಾಯು ಮುಟ್ಟಬಾರದು ಎಂದು ಎಚ್ಚರಿಸಿದವು. ಫ್ಲೋರಿಡಾದಲ್ಲಿ 2022ರಲ್ಲಿ ಒಬ್ಬ ಸರ್ಜನ್ ದಿನಕ್ಕೆ ಮೂರಕ್ಕಿಂತ ಹೆಚ್ಚು ಮಾಡುವಂತಿಲ್ಲ ಎಂದೇ ನಿಯಮ ತರಬೇಕಾಯಿತು. ದಿನಕ್ಕೆ ಎಷ್ಟು ಎಂದು ಸರ್ಕಾರ ಎಣಿಸಿ ಹೇಳಬೇಕಾಗಿ ಬಂದಿತ್ತೆಂದರೆ ಅಲ್ಲಿನ ಧಾವಂತ ಊಹಿಸಬಹುದು.

ಕತ್ತರಿಯೇ ಬೇಡ ಎಂದು ಬಂದ ಕೊಬ್ಬು ಹೆಪ್ಪುಗಟ್ಟಿಸುವ ಯಂತ್ರಗಳೂ ನಿರಪಾಯವಾಗಿ ಉಳಿಯಲಿಲ್ಲ. ಐಸ್‌ಕ್ಯಾಂಡಿ ಚೀಪುವ ಮಕ್ಕಳ ಕೆನ್ನೆಯಲ್ಲಿ ಕೊಬ್ಬು ಕರಗಿ ಗುಳಿ ಬೀಳುವುದನ್ನು ವೈದ್ಯರು ಹಿಂದೆಯೇ ದಾಖಲಿಸಿದ್ದರು. ಆ ಸುಳಿವಿನ ಮೇಲೆಯೇ ಹುಟ್ಟಿದ ಈ ಯಂತ್ರಕ್ಕೆ 2010ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕೆಲವರಲ್ಲಿ ಕೊಬ್ಬು ಕರಗುವ ಬದಲು ಅದೇ ಜಾಗದಲ್ಲಿ ಗಟ್ಟಿಯಾಗಿ ಬೆಳೆಯುತ್ತದೆ. ತನಗೆ ಹಾಗಾಯಿತೆಂದು 2021ರಲ್ಲಿ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ಬಹಿರಂಗವಾಗಿ ಹೇಳಿದಾಗ ಬಹುತೇಕ ಗಿರಾಕಿಗಳಿಗೆ ಇಂಥದ್ದೊಂದು ಇದೆ ಎಂದು ಗೊತ್ತಾದದ್ದೇ ಆಗ.

ಹಾಗಾದರೆ ಸಮಾಲೋಚನೆಯಲ್ಲಿ ಏನಾಗಬೇಕು? ಮೊದಲು, ಹೊಟ್ಟೆ ಚಿವುಟಿ ನೋಡಬೇಕು. ಬೆರಳುಗಳ ನಡುವೆ ಸಿಗುವ ಕೊಬ್ಬಷ್ಟೇ ಕ್ಯಾನುಲಾಗೆ ಸಿಗುವಂಥದ್ದು. ನಮ್ಮ ನಡುವಯಸ್ಸಿನ ಎಷ್ಟೋ ಗಂಡಸರ ಹೊಟ್ಟೆ ಗಟ್ಟಿಯಾಗಿ ಮುಂದಕ್ಕೆ ಬಂದಿರುವುದು ಸ್ನಾಯುವಿನ ಹಿಂದೆ, ಕರುಳಿನ ಸುತ್ತ ಕೂತ ಕೊಬ್ಬಿನಿಂದ. ಅದನ್ನು ಯಾವ ಕೊಳವೆಯೂ ಹೀರಲಾರದು. ಇದನ್ನು ಹೇಳದೆ ಪ್ಯಾಕೇಜ್ ದರ ಹೇಳುವ ಕಡೆಯಿಂದ ಎದ್ದು ಬರುವುದೇ ಲೇಸು.

ತೂಕ ಇಳಿಸುವ, ಸಕ್ಕರೆ ಕಾಯಿಲೆ ಹತೋಟಿಗೆ ತರುವ ದಾರಿ ಇದು ಎಂಬ ಮಾತೂ ಚಾಲ್ತಿಯಲ್ಲಿದೆ. 2004ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂದ ಅಧ್ಯಯನದಲ್ಲಿ 15 ಮಂದಿ ಬೊಜ್ಜಿನ ಮಹಿಳೆಯರಿಂದ ಸುಮಾರು 10 ಕಿಲೋ ಕೊಬ್ಬು ತೆಗೆದು ನೋಡಿದರು. ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಬಗೆಯಲ್ಲಾಗಲಿ, ರಕ್ತದೊತ್ತಡದಲ್ಲಾಗಲಿ, ಕೊಲೆಸ್ಟರಾಲ್‌ನಲ್ಲಾಗಲಿ ಸುಧಾರಣೆ ಕಾಣಲಿಲ್ಲ. ಅಳತೆ ಬದಲಾಗುತ್ತದೆ, ಕಾಯಿಲೆ ಅಲ್ಲೇ ಇರುತ್ತದೆ.

ಎರಡನೆಯದು, ಎದುರಿಗೆ ಕೂತವರು ಯಾರು? ಹಲವು ಕಡೆ ಮೊದಲ ಒಂದು ಗಂಟೆ ಮಾತಾಡುವವರು 'ಕೌನ್ಸೆಲರ್' ಎಂಬ ಹೆಸರಿನ ಮಾರಾಟ ಸಿಬ್ಬಂದಿ. ಹಳೆಯ-ಹೊಸ ಫೋಟೊ, ಇಎಂಐ, 'ಈ ವಾರ ಮಾತ್ರ' ಎಂಬ ರಿಯಾಯಿತಿ ಎಲ್ಲ ಅವರ ಬಾಯಲ್ಲೇ ಬರುತ್ತವೆ. ಕತ್ತರಿ ಹಿಡಿಯುವ ವೈದ್ಯರ ಮುಖ ಕಾಣುವುದು ಅಡ್ವಾನ್ಸ್ ಕಟ್ಟಿದ ಮೇಲೆ. ಎಂಬಿಬಿಎಸ್, ಸಾಮಾನ್ಯ ಶಸ್ತ್ರಚಿಕಿತ್ಸೆಯ ಎಂಎಸ್ ಮುಗಿಸಿ, ಮೇಲೆ ಪ್ಲಾಸ್ಟಿಕ್ ಸರ್ಜರಿಯ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರು ಪ್ಲಾಸ್ಟಿಕ್ ಸರ್ಜನ್‌ಗಳು. 'ಕಾಸ್ಮೆಟಾಲಜಿ'ಯ ಕಿರು ಕೋರ್ಸಿನ ಪ್ರಮಾಣಪತ್ರ ಇದಕ್ಕೆ ಸಮವಲ್ಲ. ನೋಂದಣಿ ಸಂಖ್ಯೆ ಕೇಳಿ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ನೋಡುವುದರಲ್ಲಿ ಯಾವ ಸಂಕೋಚವೂ ಬೇಕಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯಿದೆಯಡಿ ಕರ್ನಾಟಕದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳು ನೋಂದಣಿ ಪತ್ರವನ್ನು ಕಾಣುವಂತೆ ತೂಗುಹಾಕಬೇಕು; ಅದರಲ್ಲಿ ಸಂಸ್ಥೆ ಯಾವ ವರ್ಗದ್ದು ಎಂದೂ ಇರುತ್ತದೆ. ಬರೀ ಕನ್ಸಲ್ಟೇಷನ್ ಕ್ಲಿನಿಕ್ ಎಂದಿದ್ದರೆ ಅಲ್ಲಿ ಆಪರೇಷನ್ ಟೇಬಲ್ ಏಕಿದೆ ಎಂದು ಕೇಳಲೇಬೇಕು. ಅರಿವಳಿಕೆ ತಜ್ಞರು ಪೂರ್ತಿ ಹೊತ್ತು ಇರುತ್ತಾರೆಯೇ, ಐಸಿಯು ಅದೇ ಕಟ್ಟಡದಲ್ಲಿದೆಯೇ, ಇಲ್ಲವಾದರೆ ಯಾವ ಆಸ್ಪತ್ರೆಗೆ ಸಾಗಿಸುತ್ತಾರೆ ಎಂಬ ಪ್ರಶ್ನೆಗಳಿಗೆ ತಡವರಿಸದ ಉತ್ತರ ಸಿಗಬೇಕು.

ಹೊರದೇಶಗಳು ಇದನ್ನು ರೋಗಿಯ ಜಾಣತನಕ್ಕೇ ಬಿಟ್ಟಿಲ್ಲ. ಫ್ರಾನ್ಸ್‌ನಲ್ಲಿ ಖರ್ಚಿನ ಲಿಖಿತ ವಿವರ ಕೊಟ್ಟ ಮೇಲೆ ಕನಿಷ್ಠ 15 ದಿನ ಕಾಯಲೇಬೇಕು. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಜಿಪಿ ವೈದ್ಯರ ಚೀಟಿ ಬೇಕು, ಎರಡು ಸಮಾಲೋಚನೆ ಆಗಬೇಕು, ಆಮೇಲೂ ಏಳು ದಿನ ಬಿಡಬೇಕು. ತನ್ನ ದೇಹದ ಸಣ್ಣ ಊನವನ್ನು ವಿಪರೀತ ಹಚ್ಚಿಕೊಳ್ಳುವ ಮಾನಸಿಕ ತೊಂದರೆ ಇದೆಯೇ ಎಂದು ಪರೀಕ್ಷಿಸುವುದೂ ಅಲ್ಲಿ ಕಡ್ಡಾಯ. ಆ ತೊಂದರೆ ಇದ್ದವರಿಗೆ ಎಷ್ಟು ಸಲ ಕತ್ತರಿಸಿದರೂ ಸಮಾಧಾನ ಸಿಗುವುದಿಲ್ಲ. ಗಾಯಕ ಕಾನ್ಯೆ ವೆಸ್ಟ್ ತಾಯಿ ಡೊಂಡಾ ವೆಸ್ಟ್ 2007ರಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಮರುದಿನ ತೀರಿಕೊಂಡ ಮೇಲೆ, ಇಂಥ ಚಿಕಿತ್ಸೆಗೆ ಮುಂಚೆ ದೈಹಿಕ ಪರೀಕ್ಷೆ ಕಡ್ಡಾಯ ಮಾಡುವ ಕಾಯಿದೆ ಕ್ಯಾಲಿಫೋರ್ನಿಯಾದಲ್ಲಿ ಬಂತು.

ನಮ್ಮಲ್ಲಿ ಒಪ್ಪಿಗೆಯ ಬಗ್ಗೆ ಗಟ್ಟಿ ನೆಲ ಹಾಕಿದ್ದು 2008ರ ಸಮೀರಾ ಕೊಹ್ಲಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು. ಅದು ಸೌಂದರ್ಯ ಚಿಕಿತ್ಸೆಯ ಮೊಕದ್ದಮೆಯಲ್ಲ, ಆದರೆ ತತ್ವ ಇಲ್ಲಿಗೂ ಅನ್ವಯಿಸುತ್ತದೆ: ಒಂದು ವಿಧಾನಕ್ಕೆ ಕೊಟ್ಟ ಸಹಿ ಇನ್ನೊಂದಕ್ಕೆ ನಡೆಯುವುದಿಲ್ಲ. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳು ಇವನ್ನೆಲ್ಲ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಹೊಟ್ಟೆಗೆಂದು ಹೋದವರಿಗೆ 'ತೋಳನ್ನೂ ಜೊತೆಗೇ ಮಾಡಿಬಿಡೋಣ' ಎಂದು ಥಿಯೇಟರ್ ಬಾಗಿಲಲ್ಲಿ ಸಹಿ ಹಾಕಿಸಿಕೊಳ್ಳುವುದು ಈ ತತ್ವಕ್ಕೆ ವಿರುದ್ಧ. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ವೈದ್ಯರ ನೀತಿಸಂಹಿತೆಯೂ ಹೇಳುತ್ತದೆ.

ಹಣದ ಮಾತು ಚುಟುಕಾಗಿ. ಹುಟ್ಟಿನಿಂದ ಬಂದ ದೋಷ, ಅಪಘಾತ ಇತ್ಯಾದಿಗಳಿಂದ ಕೆಟ್ಟದ್ದನ್ನು ಸರಿಪಡಿಸುವ ಪ್ಲಾಸ್ಟಿಕ್ ಸರ್ಜರಿಗೆ ಜಿಎಸ್‌ಟಿ ವಿನಾಯಿತಿ ಇದೆ, ಬರೀ ಅಂದಕ್ಕೆ ಮಾಡಿಸುವುದಕ್ಕೆ ಇಲ್ಲ. ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅದೇ ಗೆರೆ ಎಳೆಯುತ್ತದೆ. ಪ್ಯಾಕೇಜ್ ದರದಲ್ಲಿ ಚಿಕಿತ್ಸೆಯ ನಂತರ ತೊಡುವ ಒತ್ತುಡುಪು, ಮತ್ತೆ ತಿದ್ದುವ ಚಿಕಿತ್ಸೆ, ತೊಡಕಾದರೆ ಐಸಿಯು ಖರ್ಚು ಇವೆಯೇ ಎಂದು ಬರಹದಲ್ಲಿ ಪಡೆದುಕೊಳ್ಳಬೇಕು.

ಈಗ ಕ್ಷೇತ್ರ ಮತ್ತೊಂದು ಮಗ್ಗುಲಿಗೆ ಹೊರಳುತ್ತಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ ಎಂಬ ತೂಕ ಇಳಿಸುವ ಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ವಾರಕ್ಕೊಂದು ಚುಚ್ಚುಮದ್ದಿನಲ್ಲಿ ತೂಕ ಗಣನೀಯವಾಗಿ ಇಳಿಸಿಕೊಂಡವರು ಜೋತ ಚರ್ಮ ತೆಗೆಸಲು ಸರ್ಜನ್ ಬಳಿ ಬರುತ್ತಾರೆ. ಅವರಿಗೆ ತೂಕ ಕೆಲವು ತಿಂಗಳು ಒಂದೇ ಮಟ್ಟದಲ್ಲಿ ನಿಲ್ಲುವವರೆಗೆ ಕಾಯಿರಿ, ಪ್ರೋಟೀನ್ ಕಡಿಮೆಯಾಗದಂತೆ ನೋಡಿಕೊಳ್ಳಿ ಎನ್ನಬೇಕಾಗುತ್ತದೆ. ಈ ಮದ್ದುಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಹಿಂದಿನ ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಊಟ ಉಳಿದು, ಅರಿವಳಿಕೆಯಲ್ಲಿ ಅದು ಗಂಟಲಿಗೆ ಬಂದು ಶ್ವಾಸಕೋಶ ಸೇರಬಹುದು. ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಜಿಮ್ಮಿನ ಗೆಳೆಯರ ಮಾತು ಕೇಳಿ ಚುಚ್ಚಿಸಿಕೊಳ್ಳುವವರು ಅದನ್ನು 'ಔಷಧ' ಎಂದೇ ಎಣಿಸದೆ ಫಾರಂನಲ್ಲಿ ಬರೆಯದೆ ಬಿಡುವುದುಂಟು. ಕೊನೆಯ ಚುಚ್ಚುಮದ್ದು ಯಾವ ದಿನ, ಎಷ್ಟು ಡೋಸ್ ಎಂಬುದನ್ನು ಸರ್ಜನ್ ಕೇಳದಿದ್ದರೂ ಅರಿವಳಿಕೆ ತಜ್ಞರಿಗೆ ಹೇಳಲೇಬೇಕು. ಸಿಗರೇಟು, ರಕ್ತ ತೆಳುವಾಗಿಸುವ ಗುಳಿಗೆ, ಗರ್ಭನಿರೋಧಕ ಮಾತ್ರೆ, ನಾಟಿ ಮದ್ದು ಇವೂ ಅದೇ ಪಟ್ಟಿಗೆ ಸೇರಬೇಕು.