ಹಳ್ಳಿಯ ಟಪಾಲು ಮತ್ತು ಪಂಕ್ತಿಭೇದ

ಸಹ್ಯಾದ್ರಿಯ ಬುಡದಲ್ಲಿರುವ ಸಿದ್ದಾಪುರದ ಸೀಮೆಯಲ್ಲಿ ಮನೆಗಳು ಒಂದೆಡೆ ಗುಂಪಾಗಿರುವುದಿಲ್ಲ. ತೋಟಕ್ಕೊಂದು, ಬಯಲಿನ ಅಂಚಿಗೊಂದು ಎಂಬಂತೆ ಚದರಿಕೊಂಡಿರುವುವು. ಇಂತಹ ಊರುಗಳಲ್ಲಿ ಮಳೆಗಾಲದ ತೋಡುಗಳನ್ನು ದಾಟಿ, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಮಕ್ಕಳು ಕಳುಹಿದ ಮನಿಯಾರ್ಡರುಗಳನ್ನು ತಾಯಂದಿರ ಕೈಗೆ ಮುಟ್ಟಿಸುತ್ತಿದ್ದವನು ಹಳ್ಳಿಯ ಟಪಾಲಿನವನು. ಜನರು ಆತನನ್ನು ಸರಕಾರೀ ನೌಕರನೆಂದೇ ಭಾವಿಸುವರು. ಸರಕಾರದ ಲೆಕ್ಕವು ಬೇರೆಯಾಗಿದೆ. ಪಟ್ಟಣದಲ್ಲಿ ಕಾಗದ ಹಂಚುವವನು ಇಲಾಖೆಯ ನೌಕರನು. ಹಳ್ಳಿಯ ಶಾಖಾ ಅಂಚೆ ಕಚೇರಿಯಿಂದ ಹಂಚುವವನು ಇಲಾಖೆಗೆ ಹೊರಗಿನವನು. ಕೆಲಸವೊಂದೇ, ಪಂಕ್ತಿ ಎರಡು. ಈ ಭೇದವು ಹೇಗೆ ಬಂದಿತೆಂಬುದು ವಿಚಾರಾರ್ಹವಾಗಿದೆ.

1854ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯು ಒಂದೇ ಇಲಾಖೆಯಾಗಿ ಏರ್ಪಟ್ಟಿತು. ಅದು ಹಳ್ಳಿಗಳಿಗೆ ಹಬ್ಬಿದಂತೆಲ್ಲ, ಇಡೀ ದಿನದ ನೌಕರನನ್ನಿಡುವಷ್ಟು ಕಾಗದಗಳು ಅಲ್ಲಿ ಬರುತ್ತಿರಲಿಲ್ಲ. ಆದುದರಿಂದ ಶಾಲೆಯ ಉಪಾಧ್ಯಾಯರು, ಅಂಗಡಿಕಾರರು ಮೊದಲಾದವರಿಗೆ ಅಲ್ಪ ಭತ್ಯೆಯನ್ನು ಕೊಟ್ಟು, ಅವರ ಬಿಡುವಿನ ವೇಳೆಯಲ್ಲಿ ಅಂಚೆಯ ಕೆಲಸವನ್ನು ನಡೆಸಲಾಯಿತು. ಬೇರೆ ಜೀವನೋಪಾಯವಿದ್ದವನಿಗೆ ಇದು ಉಪವೃತ್ತಿ. ಅವನಿಗೆ ವಿಶ್ರಾಂತಿವೇತನವೇಕೆ ಎಂಬುದೇ ಅಂದಿನ ತರ್ಕ. ಅಂದಿಗೆ ಅದು ಅಯುಕ್ತವಾಗಿರಲಿಲ್ಲ.

ಕಾಲವು ಬದಲಾಯಿತು, ತರ್ಕವು ಬದಲಾಗಲಿಲ್ಲ. ಉಪವೃತ್ತಿಯು ಅನೇಕರಿಗೆ ಮುಖ್ಯ ವೃತ್ತಿಯಾಯಿತು. 1964ರ ನಿಯಮಗಳು ಇವರನ್ನು ‘ಇಲಾಖೇತರ’ರೆಂದೇ ಕರೆದುವು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಮ್ಮ ಎಂಬವರ ಮೊಕದ್ದಮೆಯಲ್ಲಿ, ಇವರದು ಸರಕಾರದ ಅಧೀನದ ಸಿವಿಲ್ ಹುದ್ದೆಯೇ ಎಂದು ತೀರ್ಪಿತ್ತಿತು. ಇದರಿಂದ ವಿಚಾರಣೆಯಿಲ್ಲದೆ ವಜಾಮಾಡುವುದಕ್ಕೆ ತಡೆಯುಂಟಾಯಿತೇ ಹೊರತು, ಪಿಂಚಣಿ ದೊರೆಯಲಿಲ್ಲ. 2001ರಲ್ಲಿ ‘ಗ್ರಾಮೀಣ ಡಾಕ್ ಸೇವಕ’ ಎಂಬ ಹೊಸ ಹೆಸರು ಬಂದಿತು. ದಿನಕ್ಕೆ ಐದು ಗಂಟೆಗೆ ಮೀರದ ಕೆಲಸ, 65 ವರ್ಷದವರೆಗೆ ಸೇವೆ, ತನಗೆ ಬೇರೆ ವರಮಾನವುಂಟೆಂಬ ಮುಚ್ಚಳಿಕೆ, ಇವು ಇವರ ಕಟ್ಟಳೆಗಳು.

ಸೇವಕರು ಸಂಘಗಳನ್ನು ಕಟ್ಟಿಕೊಂಡು ನ್ಯಾಯವನ್ನು ಕೇಳುತ್ತ ಬಂದರು. 2011ರಲ್ಲಿ ಸರಕಾರವು ಪ್ರತಿಯೊಬ್ಬನ ಹೆಸರಿನಲ್ಲಿ ತಿಂಗಳಿಗೆ 200 ರೂಪಾಯಿ ಕೂಡಿಡುವ ಏರ್ಪಾಡನ್ನು ಮಾಡಿತು. 2016ರಲ್ಲಿ ಕಮಲೇಶ ಚಂದ್ರ ಸಮಿತಿಯು ವರದಿಯನ್ನೊಪ್ಪಿಸಿತು. ಅದು ಜಾರಿಗೆ ಬಾರದಿರಲು, 2018ರ ಮೇ 22ರಿಂದ ದೇಶದಾದ್ಯಂತ ಮುಷ್ಕರ ನಡೆಯಿತು; ಜೂನ್ 6ರಂದು ಮಂತ್ರಿಮಂಡಲವು ಹೊಸ ಭತ್ಯೆಗೆ ಒಪ್ಪಿತು. ಮೂರು ಲಕ್ಷಕ್ಕೂ ಮಿಕ್ಕಿದ ಸೇವಕರಿಗೆ ಇದರಿಂದ ಪ್ರಯೋಜನವಾಯಿತು. ಕಾಗದ ಹಂಚುವವನಿಗೆ ನಾಲ್ಕು ಗಂಟೆಗೆ 10,000, ಐದು ಗಂಟೆಗೆ 12,000 ರೂಪಾಯಿ ಮೂಲಭತ್ಯೆ ಗೊತ್ತಾಯಿತು. ಇಲಾಖೆಯ ಪೋಸ್ಟ್‌ಮ್ಯಾನನ ಆರಂಭದ ಮೂಲವೇತನವು ಆಗ 21,700 ರೂಪಾಯಿ.

ಗಂಟೆಗಳನ್ನು ಗಣಿಸಿದರೆ ಇಲ್ಲಿಯ ಅಂತರವು ಅಷ್ಟು ದೊಡ್ಡದಲ್ಲವೆಂದು ತೋರಬಹುದು. ನಿಜವಾದ ಅಂತರವು ವೃದ್ಧಾಪ್ಯದಲ್ಲಿ ಕಾಣುವುದು. ಇಲಾಖೆಯಲ್ಲಿಯೂ 2004ರ ಜನವರಿಯ ಬಳಿಕ ಸೇರಿದವರಿಗೆ ಹಳೆಯ ಪಿಂಚಣಿ ತಪ್ಪಿ, ವಂತಿಗೆಯ ಪದ್ಧತಿ ಬಂದಿತು. ಹಾಗಿದ್ದರೂ ಅವರಿಗೊಂದು ಆಸರೆಯುಂಟು. ಸೇವಕನಾಗಿ ಹಲವು ವರ್ಷ ದುಡಿದು, ತಡವಾಗಿ ಇಲಾಖೆಗೆ ಸೇರಿದವನ ಹಿಂದಿನ ಸೇವೆಯನ್ನು ಪಿಂಚಣಿಗೆ ಎಣಿಸಲು ನಿಯಮಗಳಲ್ಲಿ ಎಡೆಯಿಲ್ಲವೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು.

ಹಳ್ಳಿಯ ಅಂಚೆಯ ಆದಾಯವು ಅಲ್ಪ, ವೆಚ್ಚವು ಅಧಿಕ ಎಂಬ ವಾದವು ನಿರಾಧಾರವೆನ್ನಲಾಗದು. ಆದರೆ ಅರ್ಧ ದಿನದ ದುಡಿಮೆಗೆ ಅರ್ಧ ಪಿಂಚಣಿ ಎಂದರೆ ಲೆಕ್ಕವಾದೀತು. ಏನೂ ಇಲ್ಲವೆಂದರೆ ಯಾವ ಲೆಕ್ಕ? ಬೇರೆ ವರಮಾನವುಂಟೆಂದು ಮುಚ್ಚಳಿಕೆ ಬರೆಸಿಕೊಂಡ ಮಾತ್ರಕ್ಕೆ ಒಬ್ಬನ ಜೀವಮಾನದ ದುಡಿಮೆಯು ಉಪವೃತ್ತಿಯಾಗದು.