ಜಾಂಬಪುರಾಣವೂ ಕಡಲಾಚೆಯ ಕಥೆಗಾರರೂ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಸೀಮೆಯಲ್ಲಿ ರಾಜ್ಯದ ಗಡಿಯು ಭಾಷೆಗಳನ್ನು ಪೂರ್ತಿಯಾಗಿ ಬೇರ್ಪಡಿಸಿಲ್ಲ; ಕಥೆಗಳನ್ನಂತೂ ಬೇರ್ಪಡಿಸಿಯೇ ಇಲ್ಲ. ಕನ್ನಡ, ತೆಲುಗು ಎರಡು ನಾಡುಗಳಲ್ಲೂ ಬಾಳಿಬಂದ ಅಂಥ ಕಥೆಗಳಲ್ಲೊಂದು ಮಾದಿಗರ ಜಾಂಬಪುರಾಣ. ಭೂಮಿ ಹುಟ್ಟುವುದಕ್ಕೆ ಆರು ತಿಂಗಳ ಮೊದಲೇ ಜಾಂಬವನು ಹುಟ್ಟಿದನೆಂದು ಅದು ಸಾರುತ್ತದೆ. ಊರಾಚೆ ಇರಿಸಲ್ಪಟ್ಟವರು ಊರಿಗಷ್ಟೇ ಅಲ್ಲ, ಭೂಮಿಗೇ ತಾವು ಹಿರಿಯರೆಂದು ಹೇಳಿಕೊಂಡ ಈ ಮಾತನ್ನು ಬರಿಯ ಕಟ್ಟುಕಥೆಯೆಂದು ಬದಿಗಿಡುವಂತಿಲ್ಲ. ಅದು ಚರಿತ್ರೆಯಲ್ಲಿ ತಮ್ಮ ಪಾಲನ್ನು ಕೇಳುವ ವಾದವೂ ಹೌದು.

ಈ ಪುರಾಣವನ್ನು ಹೇಳುತ್ತ ಬಂದವರಲ್ಲಿ ದಕ್ಕಲಿಗರು ಮುಖ್ಯರು. ಮಾದಿಗರಲ್ಲಿ ಮಾತ್ರ ಬೇಡುವ ಈ ಅಲೆಮಾರಿಗಳನ್ನು ಮಾದಿಗರೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ತಮ್ಮ ಕುಲದ ಹಿರಿಮೆಯನ್ನು ಕೇಳಿ ಹಿಗ್ಗಿದವರೇ ಹೇಳಿದವನನ್ನು ದೂರ ನಿಲ್ಲಿಸಿದರು! ಜಾತಿಯ ಏಣಿಗೆ ಕೊನೆಯ ಮೆಟ್ಟಿಲೆಂಬುದಿಲ್ಲ.

ಅಮೆರಿಕೆಯ ಕಪ್ಪುಜನರ ಕಥನವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದಕ್ಷಿಣ ಕೆರೊಲಿನಾದ 1740ರ ಕಾಯಿದೆಯು ಗುಲಾಮರಿಗೆ ಬರೆಹ ಕಲಿಸುವುದನ್ನೂ ಅವರು ನಗಾರಿ ಬಾರಿಸುವುದನ್ನೂ ನಿಷೇಧಿಸಿತು. ಹಿಂದಿನ ವರ್ಷದ ದಂಗೆಯಲ್ಲಿ ಬಂಡಾಯಗಾರರು ನಗಾರಿ ಬಾರಿಸುತ್ತ ನಡೆದಿದ್ದರು. ಉಳಿದದ್ದು ಬಾಯಿಮಾತು: ದುಡಿಮೆಯ ಹಾಡು, ಬಲಶಾಲಿಗಳನ್ನು ಜಾಣ್ಮೆಯಿಂದ ಸೋಲಿಸುವ ಮೊಲದ ಕಥೆ. ದಣಿವಾರಿಸಿಕೊಳ್ಳಲು ಹೇಳಿದ ಕಥೆಯೇ ಧೈರ್ಯವನ್ನೂ ಕಾಪಿಟ್ಟಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ ಗುಲಾಮಗಿರಿಯ ವಿರುದ್ಧದ ಚಳವಳಿಗೆ ಅಸ್ತ್ರವಾಯಿತು.

ಆ ಹೋರಾಟದ ನೆನಪು ಭಾರತಕ್ಕೂ ಬಂತು. ಜ್ಯೋತಿಬಾ ಫುಲೆ 1873ರ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ಶ್ರಮಿಸಿದ ಅಮೆರಿಕನ್ನರಿಗೆ ಅರ್ಪಿಸಿದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ರಿಂದ ಪಡೆದರು.

ನಮ್ಮಲ್ಲಿ ತಮಟೆಯನ್ನು ಕಸಿದುಕೊಳ್ಳಲಿಲ್ಲ. ಸಾವಿಗೂ ಜಾತ್ರೆಗೂ ಬಡಿಯುವ ಚಾಕರಿಯಾಗಿ ಹೆಗಲಿಗೆ ಹೊರಿಸಿದರು. 1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡ ಮೇಲೆ ಅದೇ ತಮಟೆ ಮೆರವಣಿಗೆಯ ಮುಂದೆ ನಡೆಯಿತು, ಸಿದ್ಧಲಿಂಗಯ್ಯನವರ ಹಾಡುಗಳಿಗೆ ಜೊತೆಯಾಯಿತು. ನಮ್ಮ ನೆರೆಯ ತುಮಕೂರಿನಲ್ಲಿ ಆ ಚಳವಳಿಯವರೇ ಆದ ಕೆ.ಬಿ. ಸಿದ್ದಯ್ಯನವರು ದಕ್ಕಲರ ಲೋಕವನ್ನು ‘ದಕ್ಲಕಥಾದೇವಿ’ ಎಂಬ ಖಂಡಕಾವ್ಯಕ್ಕೆ ತಂದರು. 2019ರಲ್ಲಿ ಅವರು ತೀರಿಕೊಂಡ ಮೇಲೆ ಲಕ್ಷ್ಮಣ್ ಕೆ.ಪಿ. ಅವರ ನಿರ್ದೇಶನದಲ್ಲಿ ಅವರ ಕಾವ್ಯ ರಂಗವೇರಿತು. ಅರೆ, ತಮಟೆಗಳ ಸದ್ದಿನ ನಡುವೆ, ದೂರ ನಿಂತು ಹೇಳುತ್ತಿದ್ದವರ ಕಥೆಯನ್ನು ನಗರದ ಪ್ರೇಕ್ಷಕರು ಟಿಕೆಟ್ಟು ಕೊಂಡು ಕೂತು ಕೇಳಿದರು.

ಲೇಪಾಕ್ಷಿಯ ಶಾಸನಗಳನ್ನು ವಿದ್ವಾಂಸರು ಓದಿ ಅಚ್ಚು ಹಾಕಿಸಿದ್ದಾರೆ. ಅದೇ ಸೀಮೆಯ ಕೇರಿಗಳಲ್ಲಿ ಜಾಂಬಪುರಾಣವನ್ನು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಬಲ್ಲ ಹಿರಿಯರನ್ನು ಹುಡುಕಿ, ಅವರ ದನಿಯನ್ನು ಧ್ವನಿಮುದ್ರಿಸಿಡುವ ಕೆಲಸವನ್ನು ನಮ್ಮ ಸಂಘಗಳು ಈ ವರ್ಷವೇ ಕೈಗೊಳ್ಳಬಹುದು.